ದೊಡ್ಡವಳಾಗುವ ಮುಂಚಿನ ಎರಡು ವರ್ಷ

ಹುಡುಗಿ ಮೈನೆರೆದ ಮೇಲೆ ಏನೇನು ಆಗಬೇಕೆಂಬುದು ನಮ್ಮ ಕಡೆಯ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ: ಸೋದರಮಾವನಿಗೆ ಹೇಳಿಕಳಿಸಬೇಕು, ಚಿಗಳಿ ಕುಟ್ಟಬೇಕು, ಆರತಿ ಎತ್ತಬೇಕು, ಒಸಗೆಗೆ ದಿನ ನೋಡಬೇಕು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವಳ ಮೈಯೊಳಗೆ ಏನು ನಡೆಯುತ್ತದೆ ಎಂಬುದನ್ನು ಕೂರಿಸಿಕೊಂಡು ಹೇಳುವವರು ಮಾತ್ರ ಕಡಿಮೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳೆಂಬ ಕಾರಣಕ್ಕೆ ತಂಗಿ ತನ್ನ 11 ವರ್ಷದ ಮಗಳ ವಿಷಯವಾಗಿ "ಇನ್ನೆಷ್ಟು ದಿನಕ್ಕೆ ಆಗಬಹುದು?" ಎಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ. ದಿನವನ್ನು ಯಾರೂ ಹೇಳಲಾರರು. ಆದರೆ ಬದಲಾವಣೆಗಳು ಹೆಚ್ಚುಕಡಿಮೆ ಒಂದು ಕ್ರಮದಲ್ಲಿ ಬರುವುದರಿಂದ, ಆ ಕ್ರಮ ತಿಳಿದವರಿಗೆ ಒಂದು ಅಂದಾಜು ಸಿಗುತ್ತದೆ.

ಸಾಮಾನ್ಯವಾಗಿ ಮೊದಲು ಕಾಣುವುದು ಎದೆಯ ಮೊಗ್ಗು. 8ರಿಂದ 13 ವರ್ಷದೊಳಗೆ ಯಾವಾಗಲಾದರೂ ಮೊಲೆತೊಟ್ಟಿನ ಅಡಿಯಲ್ಲಿ ಸಣ್ಣದೊಂದು ಗಟ್ಟಿ ಗಂಟು ಕೈಗೆ ಸಿಗುತ್ತದೆ. ಬೋರಲು ಮಲಗಿದರೆ, ಸ್ಕೂಲ್ ಬ್ಯಾಗಿನ ಪಟ್ಟಿ ಉಜ್ಜಿದರೆ ನೋಯುತ್ತದೆ. ಎಷ್ಟೋ ಸಲ ಅದು ಒಂದೇ ಬದಿಯಲ್ಲಿ ಶುರುವಾಗಿ, ಇನ್ನೊಂದು ಬದಿಯಲ್ಲಿ ಕಾಣಿಸಿಕೊಳ್ಳಲು ಕೆಲವು ತಿಂಗಳು ಹಿಡಿಯುವುದರಿಂದ, ಗಡ್ಡೆಯೇನೋ ಎಂದು ತಾಯಂದಿರು ಹೌಹಾರುತ್ತಾರೆ. ಈ ವಯಸ್ಸಿನಲ್ಲಿ ಅದು ಸಹಜ. ಅನುಮಾನವಿದ್ದರೆ ವೈದ್ಯರಿಗೆ ತೋರಿಸಿದರೆ ಸಾಕು. ಮುಂದೆ ಬೆಳೆಯಬೇಕಾದ ಸ್ತನದ ಮೂಲವೇ ಅದಾದ್ದರಿಂದ ಗಂಟೆಂದು ತಿಳಿದು ಕೊಯ್ದು ತೆಗೆಸುವ ಮಾತನ್ನಂತೂ ಎತ್ತಬಾರದು. ಮೊಗ್ಗು ಕಾಣಿಸಿಕೊಂಡಾಗಿನಿಂದ ಮೊದಲ ಮುಟ್ಟಿಗೆ ಸಾಮಾನ್ಯವಾಗಿ ಎರಡರಿಂದ ಎರಡೂವರೆ ವರ್ಷ. ಬೇಗ ಶುರುವಾದವರಲ್ಲಿ ಈ ಅವಧಿ ಇನ್ನೂ ಸ್ವಲ್ಪ ಉದ್ದವಾಗುವುದುಂಟು.

ಆಮೇಲೆ ಎತ್ತರದ ಸರದಿ. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮಿನ ಪ್ಯಾಂಟು ದಸರಾ ರಜೆಯ ಹೊತ್ತಿಗೆ ಕಣಕಾಲಿನಿಂದ ಮೇಲೇರುತ್ತದೆ. ಅದಕ್ಕೂ ಮೊದಲೇ ಶೂ ಬಿಗಿಯಾಗಿರುತ್ತದೆ, ಏಕೆಂದರೆ ಪಾದಗಳು ಉಳಿದ ಮೈಗಿಂತ ಮುಂಚೆ ಬೆಳೆಯುತ್ತವೆ. ಈ ಓಟ ಅತಿ ಜೋರಾಗಿರುವಾಗ ಹುಡುಗಿಯರು ವರ್ಷಕ್ಕೆ ಸುಮಾರು 8 ಸೆಂಟಿಮೀಟರ್ ಬೆಳೆಯುವುದುಂಟು. ಇಂಗ್ಲೆಂಡಿನ ಮಾರ್ಷಲ್ ಮತ್ತು ಟ್ಯಾನರ್ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಮುಟ್ಟು ಬಂದದ್ದು ಈ ವೇಗ ಇಳಿಮುಖವಾದ ಮೇಲೆಯೇ. ಸ್ತನದ ಬೆಳವಣಿಗೆಯ ಐದು ಹಂತಗಳಲ್ಲಿ ನಾಲ್ಕನೆಯದಕ್ಕೆ ಬಂದಾಗ ಬಹುಪಾಲು ಹುಡುಗಿಯರಿಗೆ ಅದು ಆಗಿತ್ತು. ಆದ್ದರಿಂದ ಮಗಳು ದಬದಬನೆ ಉದ್ದವಾಗುತ್ತಿರುವಾಗಲ್ಲ, ಆ ಭರ ತಗ್ಗಿದೆ ಎನ್ನಿಸಿದಾಗ ಸಿದ್ಧರಾಗಿರಬೇಕು. ಮುಟ್ಟಾದ ಕೂಡಲೇ ಬೆಳವಣಿಗೆ ನಿಂತುಹೋಗುತ್ತದೆ ಎಂಬ ಚಿಂತೆ ಬೇಡ; ಅನಂತರವೂ 5ರಿಂದ 7 ಸೆಂಟಿಮೀಟರಿನಷ್ಟು ಬೆಳೆಯುವುದು ಸಾಮಾನ್ಯ.

ಕಂಕುಳಿನ ಕೂದಲು, ಬೆವರಿನ ವಾಸನೆ, ಮೊಡವೆ ಕಂಡ ತಕ್ಷಣ ದಿನ ಎಣಿಸತೊಡಗುವವರಿದ್ದಾರೆ. ಇವುಗಳಿಗೆ ಬಹುಮಟ್ಟಿಗೆ ಕಾರಣ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳು. ಮುಟ್ಟಿನ ದಾರಿ ಬೇರೆ, ಅದು ಮೆದುಳಿನ ಪಿಟ್ಯುಟರಿ ಗ್ರಂಥಿಯಿಂದ ಅಂಡಾಶಯಕ್ಕೆ ಹೋಗುತ್ತದೆ. ಎರಡೂ ಜೊತೆಜೊತೆಗೆ ಸಾಗಿದರೂ ಒಂದನ್ನು ನೋಡಿ ಇನ್ನೊಂದನ್ನು ನಿಖರವಾಗಿ ಅಳೆಯಲಾಗದು. ಸಿಡುಕು, ಅಳು, ಬಾಗಿಲು ಹಾಕಿಕೊಂಡು ಕೂರುವುದು ಸಹ ಅಷ್ಟೇ.

ನನ್ನ ದೃಷ್ಟಿಯಲ್ಲಿ ಮುಟ್ಟು ಹತ್ತಿರವಾಗುತ್ತಿದೆ ಎಂಬುದನ್ನು ಹೆಚ್ಚು ನಂಬಬಹುದಾದ ರೀತಿಯಲ್ಲಿ ಹೇಳುವ ಗುರುತು ಬಿಳಿ ಸ್ರಾವ, ಮತ್ತು ನಮ್ಮಲ್ಲಿ ಹೆಚ್ಚು ತಪ್ಪು ತಿಳಿಯಲಾಗುವುದೂ ಅದನ್ನೇ. ಅಂಡಾಶಯದ ಈಸ್ಟ್ರೋಜನ್ ಹಾರ್ಮೋನು ಒಂದು ಮಟ್ಟಕ್ಕೆ ಏರಿದಾಗ, ಗರ್ಭಕೋಶದ ಒಳಪದರವು ದಪ್ಪವಾಗತೊಡಗುವ ಅದೇ ಕಾಲದಲ್ಲಿ, ಯೋನಿಯಿಂದ ತೆಳ್ಳಗೆ, ಪಾರದರ್ಶಕವಾಗಿ ಅಥವಾ ಹಾಲುಬಿಳಿಯಾಗಿ ದ್ರವ ಬರುತ್ತದೆ. ಒಳಉಡುಪಿನಲ್ಲಿ ಒಣಗಿದಾಗ ಅದು ತುಸು ಹಳದಿಯಾಗಿ, ಗಂಜಿ ಹಾಕಿದಂತೆ ಬಿರುಸಾಗಿರುತ್ತದೆ. ಮುಟ್ಟಿಗೆ ಆರು ತಿಂಗಳಿಂದ ಒಂದು ವರ್ಷ ಮೊದಲು ಇದು ಶುರುವಾಗುವುದು ವಾಡಿಕೆ. ಹುಡುಗಿ ಇದನ್ನು ಕೊಳಕೆಂದು ತಿಳಿದು ಬಟ್ಟೆಯನ್ನು ತಾನೇ ಒಗೆದು ಮುಚ್ಚಿಡುತ್ತಾಳೆ. ತಾಯಿಗೆ ಗೊತ್ತಾದರೆ "ಬಿಳಿ ಮುಟ್ಟು, ಮೈಯ ಶಕ್ತಿಯೆಲ್ಲ ಸೋರಿಹೋಗುತ್ತಿದೆ" ಎಂದು ಯಾರೋ ಕಿವಿಯಲ್ಲಿ ಊದಿ, ಪಥ್ಯ, ಲೇಹ್ಯ, ಬೈಗುಳ ಎಲ್ಲವೂ ಶುರುವಾಗುತ್ತವೆ. ವಾಸನೆ, ತುರಿಕೆ, ಉರಿ ಇಲ್ಲದ ಇಂಥ ಸ್ರಾವಕ್ಕೆ ಯಾವ ಔಷಧಿಯೂ ಬೇಡ. ಹತ್ತಿಯ ಚಡ್ಡಿ ಮತ್ತು ಆ ಜಾಗವನ್ನು ಬರೀ ನೀರಿನಲ್ಲಿ ತೊಳೆದುಕೊಳ್ಳುವ ಅಭ್ಯಾಸ ಸಾಕು. ಬಣ್ಣ ಹಸಿರಾಗಿದ್ದರೆ, ಮೊಸರಿನ ಗಟ್ಟಿಯಂತೆ ಬಂದು ತುರಿಸುತ್ತಿದ್ದರೆ, ಕೆಟ್ಟ ವಾಸನೆಯಿದ್ದರೆ ಮಾತ್ರ ವೈದ್ಯರ ಬಳಿಗೆ ಹೋಗಬೇಕು. ನನ್ನನ್ನು ಕೇಳಿದರೆ, ಮಗಳೊಡನೆ ಮುಟ್ಟಿನ ಮಾತು ಆಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನೊಂದಿಲ್ಲ.

ವಯಸ್ಸಿನ ಮಾತಿಗೆ ಬಂದರೆ, 10ರಿಂದ 15ರ ನಡುವೆ ಯಾವಾಗ ಆದರೂ ಗಾಬರಿಯಿಲ್ಲ, 12–13 ಸಾಮಾನ್ಯ. ತಾಯಿಗೆ ಆದ ವಯಸ್ಸು ಒಂದು ಸುಳಿವು ಮಾತ್ರ, ಏಕೆಂದರೆ ಪೋಷಣೆ, ಮೈತೂಕ ಎರಡೂ ತಲೆಮಾರಿನಿಂದ ತಲೆಮಾರಿಗೆ ಬದಲಾಗಿವೆ. ಎಂಟು ತುಂಬುವ ಮೊದಲೇ ಎದೆ ಬೆಳೆಯತೊಡಗಿದರೆ, 13 ತುಂಬಿದರೂ ಅದರ ಸುಳಿವೇ ಇಲ್ಲದಿದ್ದರೆ, 15 ತುಂಬಿದರೂ ಅಥವಾ ಮೊಗ್ಗು ಕಂಡು ಮೂರು ವರ್ಷ ಕಳೆದರೂ ಮುಟ್ಟಾಗದಿದ್ದರೆ ತಡಮಾಡದೆ ತೋರಿಸಬೇಕು. ಮೈಯೆಲ್ಲ ಬೆಳೆದಿದ್ದು, ತಿಂಗಳಿಗೊಮ್ಮೆ ಕಿಬ್ಬೊಟ್ಟೆ ಹಿಡಿದುಕೊಂಡರೂ ರಕ್ತ ಕಾಣದಿದ್ದರೆ, ಅಪರೂಪಕ್ಕೆ ಯೋನಿಯ ದಾರಿ ಮುಚ್ಚಿರುವುದೂ ಉಂಟು; ಅದಕ್ಕೆ ಚಿಕಿತ್ಸೆಯಿದೆ.

ಇಷ್ಟಾದರೂ ಆ ದಿನ ಬಂದದ್ದು ಎಷ್ಟೋ ಹುಡುಗಿಯರಿಗೆ ಕೂಡಲೇ ಗೊತ್ತಾಗುವುದಿಲ್ಲ, ಏಕೆಂದರೆ ಅವರು ಕೆಂಪು ರಕ್ತವನ್ನು ನಿರೀಕ್ಷಿಸಿರುತ್ತಾರೆ, ಬರುವುದು ಕಂದು ಬಣ್ಣದ ಕೆಲವು ಹನಿ. ಅದನ್ನು ಮೊದಲೇ ಹೇಳಿರಬೇಕು. ಸರ್ಕಾರದ ಶುಚಿ ಯೋಜನೆಯ ಪ್ಯಾಡುಗಳು ಶಾಲೆಯಲ್ಲಿ ಸಿಗುವುದಾದರೂ ಬ್ಯಾಗಿನ ಒಳಜೇಬಿನಲ್ಲಿ ಎರಡು ಪ್ಯಾಡು, ಒಂದು ಚಡ್ಡಿ, ಹಳೆಯ ಪೇಪರಿನ ತುಂಡು ಇರಲಿ. ಅಂಟಿನ ಕಾಗದ ಕಿತ್ತು ಪ್ಯಾಡನ್ನು ಕೂರಿಸುವುದನ್ನು ಮನೆಯಲ್ಲೇ ಒಮ್ಮೆ ಮಾಡಿಸಿ ನೋಡಿ. ಮೊದಲ ಮುಟ್ಟಿನ ಮರುತಿಂಗಳು ಬರಲಿಲ್ಲವೆಂದು ಹೆದರಬೇಡಿ: ಮೊದಲ ಒಂದೆರಡು ವರ್ಷ 21ರಿಂದ 45 ದಿನಗಳ ಅಂತರದಲ್ಲಿ ಅದು ಹಿಂದುಮುಂದಾಗುತ್ತಲೇ ಇರುತ್ತದೆ.