ಅರ್ಧ ಅಂಕ ಕುದುರೆಯದು

ಜನವರಿಯ ಕೊನೆಯ ವಾರ, ಬೆಳಗಿನ ಜಾವ ಸಾಲ್ಟ್ ಲೇಕ್ ಸಿಟಿಯನ್ನು ಬಿಟ್ಟು ಪಶ್ಚಿಮಕ್ಕೆ ಹೊರಟ ನಮಗೆ, ಬಾನವಿಲ್ ಉಪ್ಪಿನ ಬಯಲು ತಲುಪುವ ಹೊತ್ತಿಗೆ ಹೊರಗೆ ಕಾಣುತ್ತಿರುವುದು ಉಪ್ಪೋ ಹಿಮವೋ ಎಂಬುದೇ ತಿಳಿಯದಾಯಿತು. ಕಾರು ಓಡಿಸುತ್ತಿದ್ದವನು ಮಗ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿ ದುಡಿದು ನಿವೃತ್ತನಾದ ನನಗೆ ಅಮೆರಿಕದಲ್ಲಿ ಏನನ್ನು ತೋರಿಸಬೇಕೆಂದು ತಲೆಕೆಡಿಸಿಕೊಂಡಿದ್ದ ಅವನು, ದನ ಕಾಯುವವರು ಸೇರಿ ಪದ್ಯ ಹೇಳುವ ಊರೊಂದಿದೆ ಎಂದು ಯಾರಿಂದಲೋ ಕೇಳಿದ್ದ. ನೆವಾಡಾ ರಾಜ್ಯದ ಎಲ್ಕೋ ಎಂಬ ಆ ಊರಿಗೆ ಸುಮಾರು 370 ಕಿಲೋಮೀಟರ್ ದಾರಿ. ನಡುವೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕಾಗುತ್ತದೆಯಾದ್ದರಿಂದ, ಹೊರಟ ಮೇಲೆ ಎರಡು ಕಡೆ ಕಾಫಿ ಕುಡಿದಿದ್ದರೂ ನಾವು ಬೇಗನೆ ಬಂದವರಂತೆ ಊರು ಸೇರಿದೆವು.

ರೂಬಿ ಪರ್ವತಗಳು ದೂರದಲ್ಲಿ ಬೆಳ್ಳಗೆ ಕಾಣುವ ಎಲ್ಕೋ, ಹಂಬೋಲ್ಟ್ ನದಿಯ ದಡದ ಊರು. 1860ರ ದಶಕದ ಕೊನೆಯಲ್ಲಿ ರೈಲುಹಳಿ ಬಂದಾಗ ಹುಟ್ಟಿ, ದನದಿಂದ ಬೆಳೆದು, ಈಗ ಹೆಚ್ಚಾಗಿ ಚಿನ್ನದ ಗಣಿಗಳಿಂದ ಬದುಕುತ್ತಿದೆ. ಕೌಬಾಯ್ ಕಾವ್ಯದ ಮೊದಲ ಸಮ್ಮೇಳನವನ್ನು ಹ್ಯಾಲ್ ಕ್ಯಾನನ್ ಮತ್ತಿತರ ಜಾನಪದ ವಿದ್ವಾಂಸರು ಇಲ್ಲಿ ನಡೆಸಿದ್ದು 1985ರ ಜನವರಿಯಲ್ಲಿ. ಹಳೆಯ ಪಯೊನಿಯರ್ ಹೋಟೆಲಿನ ಕಟ್ಟಡದಲ್ಲಿರುವ ವೆಸ್ಟರ್ನ್ ಫೋಕ್‌ಲೈಫ್ ಸೆಂಟರ್ ಇಂದಿಗೂ ಅದರ ಮನೆ. 2000ದಲ್ಲಿ ಅಮೆರಿಕದ ಸೆನೆಟ್ ಇದಕ್ಕೆ ರಾಷ್ಟ್ರೀಯ ಮನ್ನಣೆ ನೀಡಿ ನಿರ್ಣಯ ಅಂಗೀಕರಿಸಿತು. ಇಷ್ಟು ಚಳಿಯಲ್ಲಿ ಏಕೆ ಎಂದು ಕೇಳಬೇಕಾದ ಅಗತ್ಯ ನನಗಿರಲಿಲ್ಲ: ಹಸುಗಳು ಕರು ಹಾಕುವ ಕಾಲಕ್ಕೆ ಇನ್ನೂ ಸ್ವಲ್ಪ ಸಮಯವಿದೆ, ಮಂದೆಗೆ ಹುಲ್ಲು ಹಾಕಿ ಬಂದರೆ ಬೇರೆ ಕೆಲಸವಿಲ್ಲ, ದನ ಸಾಕುವವನು ಮನೆ ಬಿಟ್ಟು ಹೊರಡಲು ಸಾಧ್ಯವಿರುವುದು ಆಗ ಮಾತ್ರ.

ಇಲ್ಲಿನವರು ತಮ್ಮನ್ನು ಕೌಬಾಯ್ ಎನ್ನುವುದಕ್ಕಿಂತ ಬಕಾರೂ ಎಂದು ಕರೆದುಕೊಳ್ಳಲು ಇಷ್ಟಪಡುತ್ತಾರೆ. ದನಗಾಹಿ ಎಂಬರ್ಥದ ಸ್ಪ್ಯಾನಿಷ್ ಪದ ‘ವಕೇರೊ’ ಇಂಗ್ಲಿಷ್ ಆಡುವವರ ಬಾಯಲ್ಲಿ ಹಾಗಾಯಿತು. ಸುತ್ತುಗಟ್ಟುವುದು ಎಂಬರ್ಥದ ಸ್ಪ್ಯಾನಿಷ್ ಮಾತೇ ರೋಡಿಯೋ ಆಯಿತು. ಚದುರಿ ಮೇಯುವ ದನಗಳನ್ನು ಸುತ್ತುಗಟ್ಟಿ ಒಂದೆಡೆ ತರುವ ನಿತ್ಯದ ಕೆಲಸವೇ ಆಮೇಲೆ ಪಂದ್ಯವಾಯಿತು. ಪದ್ಯದ ಹುಟ್ಟೂ ಕೆಲಸದಲ್ಲಿಯೇ. 1860ರ ದಶಕದ ನಡುಭಾಗದಿಂದ ಸುಮಾರು ಎರಡು ದಶಕ ಟೆಕ್ಸಸ್ಸಿನ ದನಗಳನ್ನು ಉತ್ತರದ ರೈಲು ನಿಲ್ದಾಣಗಳವರೆಗೆ ನಡೆಸಿಕೊಂಡು ಹೋಗುತ್ತಿದ್ದಾಗ, ರಾತ್ರಿ ಮಂದೆ ಬೆದರಿ ಓಡದಿರಲೆಂದು ಕಾವಲಿನವರು ಕುದುರೆಯ ಮೇಲೆ ಸುತ್ತು ಹಾಕುತ್ತ ಹಾಡಿಕೊಳ್ಳುತ್ತಿದ್ದರು. ಮುಳ್ಳುತಂತಿ ಬಂದು ಬಯಲು ಹಂಚಿಹೋದ ಮೇಲೆಯೂ ಪದ್ಯ ಉಳಿಯಿತು. ಅದು ಹೇಗೆ ಉಳಿಯಿತೆಂಬುದಕ್ಕೆ ಬ್ರೂಸ್ ಕಿಸ್ಕಾಡನ್ ಅವರ ಬದುಕೇ ಒಂದು ಉದಾಹರಣೆ. ಯೌವನದಲ್ಲಿ ದನ ಕಾದ ಅವರು ಮುಂದೆ ಲಾಸ್ ಏಂಜಲೀಸಿನ ಹೋಟೆಲುಗಳಲ್ಲಿ ಅತಿಥಿಗಳ ಪೆಟ್ಟಿಗೆ ಹೊರುವ ಕೆಲಸ ಮಾಡುತ್ತಲೇ ಪದ್ಯ ಬರೆದರು. ಅವರ ಪದ್ಯಗಳು ದನದ ಮಾರುಕಟ್ಟೆಯವರು ಹಂಚುವ ಕ್ಯಾಲೆಂಡರಿನಲ್ಲಿ ಅಚ್ಚಾಗುತ್ತಿದ್ದವು. ಪುಸ್ತಕ ಕೊಳ್ಳದವನ ಗೋಡೆಗೂ ಕ್ಯಾಲೆಂಡರು ಬರುತ್ತದಲ್ಲವೆ?

ಸಭಾಂಗಣದಲ್ಲಿ ನನ್ನನ್ನು ಮೊದಲು ಸೆಳೆದದ್ದು ಯಾರ ಕೈಯಲ್ಲಿಯೂ ಕಾಗದವಿಲ್ಲದಿರುವುದು. ಕೊರಳಿಗೆ ರೇಷ್ಮೆ ವಸ್ತ್ರ ಸುತ್ತಿ, ಟೋಪಿ ತೆಗೆಯದೆ ಬಂದು ನಿಲ್ಲುವವರು ಒಂದು ಕ್ಷಣ ನೆಲ ನೋಡಿ ಶುರುಮಾಡಿದರೆ ನಾಲ್ಕೈದು ನಿಮಿಷದ ಕಥನವನ್ನು ಎಡವದೆ ಮುಗಿಸುತ್ತಿದ್ದರು. ಸಾಲಿಗೆ ಹೆಚ್ಚಾಗಿ ನಾಲ್ಕು ಪೆಟ್ಟು, ಕೊನೆಯಲ್ಲಿ ಪ್ರಾಸ. ನಮ್ಮ ಷಟ್ಪದಿಯಲ್ಲಿ ನೆನಪಿಗೆ ಗೂಟವಾಗಿ ನಿಲ್ಲುವುದು ಸಾಲಿನ ಎರಡನೆಯ ಅಕ್ಷರ, ಇವರಿಗೆ ಸಾಲಿನ ತುದಿ. ಕಟ್ಟುವ ಜಾಗ ಬೇರೆ, ಕಟ್ಟುವ ಉದ್ದೇಶ ಒಂದೇ. ಎಲ್ಲವೂ ಒಳ್ಳೆಯ ಕವಿತೆಗಳೆಂದು ನಾನು ಹೇಳಲಾರೆ. ಸೂರ್ಯಾಸ್ತವನ್ನೂ ದೇಶವನ್ನೂ ಹೊಗಳುವ ಪದ್ಯಗಳಲ್ಲಿ ನನಗೆ ಆಕಳಿಕೆ ಬಂತು. ಆದರೆ ಹಿಮದಲ್ಲಿ ಹುಟ್ಟಿದ ಕರುವನ್ನು ಅಡುಗೆಮನೆಗೆ ತಂದು ಒಲೆಯ ಪಕ್ಕ ಮಲಗಿಸಿ ಉಜ್ಜುವುದನ್ನು ಒಬ್ಬ ಹೆಂಗಸು ಹೇಳಿದಾಗ, ಕರುವಿನ ಬಾಯೊಳಗೆ ಬೆರಳಿಟ್ಟು ತಣ್ಣಗಿದೆಯೇ ಎಂದು ನೋಡುವ ವಿವರವೂ ಅದರಲ್ಲಿತ್ತು. ಆ ಕೆಲಸವನ್ನು ಮಾಡದವರಿಗೆ ಆ ಬೆರಳಿನ ವಿಷಯ ಹೊಳೆಯುವುದಿಲ್ಲ.

ರಾತ್ರಿ ಊಟಕ್ಕೆ ಸ್ಟಾರ್ ಹೋಟೆಲಿಗೆ ಹೋದೆವು. 1910ರಲ್ಲಿ, ಸ್ಪೇನ್-ಫ್ರಾನ್ಸ್ ಗಡಿಸೀಮೆಯ ಮೂಲದ ಬಾಸ್ಕ್ ಕುರಿಗಾಹಿಗಳ ವಸತಿಗಾಗಿ ಆರಂಭವಾದ ಮನೆ ಅದು. ದನದವರಿಗೂ ಕುರಿಯವರಿಗೂ ಹುಲ್ಲಿಗಾಗಿ ಹೊಡೆದಾಟಗಳೇ ನಡೆದಿದ್ದ ಸೀಮೆಯಲ್ಲಿ ಈಗ ಬಕಾರೂಗಳು ಕುರಿಯವರ ಮೇಜಿನಲ್ಲಿ ಕುಳಿತು ಉಣ್ಣುತ್ತಾರೆ. ಸಸ್ಯಾಹಾರಿಯಾದ ನನ್ನ ಪಾಲಿಗೆ ಸೊಪ್ಪು, ಬ್ರೆಡ್ಡು, ಕರಿದ ಆಲೂಗಡ್ಡೆ ಬಂದವು. ಎದುರಿಗೆ ಕುಳಿತಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ನನ್ನ ತಟ್ಟೆಯನ್ನು ಕನಿಕರದಿಂದ ನೋಡಿ ಮಾತಿಗೆಳೆದರು. ಯೌವನದಲ್ಲಿ ರೋಡಿಯೋಗಳಲ್ಲಿ ಜೀನು ಹಾಕಿದ ಕಾಡುಕುದುರೆ ಏರಿದವರು. ನಾನು ಪಶುವೈದ್ಯನೆಂದು ತಿಳಿದದ್ದೇ ತಡ, ಮರುದಿನ ಬೆಳಿಗ್ಗೆ ತಮ್ಮ ಟ್ರಕ್ಕಿನಲ್ಲಿ ನಮ್ಮನ್ನು ಜಾತ್ರೆ ಮೈದಾನಕ್ಕೆ ಕರೆದೊಯ್ದರು.

1912ರಲ್ಲಿ ಆರಂಭವಾದ ‘ಸಿಲ್ವರ್ ಸ್ಟೇಟ್ ಸ್ಟಾಂಪೀಡ್’ ಎಂಬ ರೋಡಿಯೋ ಇಲ್ಲಿ ನಡೆಯುವುದು ಬೇಸಿಗೆಯಲ್ಲಿ. ನಾವು ಹೋದಾಗ ಮೊಣಕಾಲುದ್ದ ಹಿಮದ ಕೆಳಗೆ ಅಖಾಡ ನಿದ್ದೆ ಮಾಡುತ್ತಿತ್ತು. ದನವನ್ನು ಅಲುಗದಂತೆ ನಿಲ್ಲಿಸುವ ನಮ್ಮ ಪಶು ಆಸ್ಪತ್ರೆಯ ಟ್ರೆವಿಸ್ಸನ್ನು ನೆನಪಿಸುವ ಇಕ್ಕಟ್ಟಾದ ಕಟಕಟೆಯ ಮುಂದೆ ನಿಂತು ಅವರು ಆಟವನ್ನು ವಿವರಿಸಿದರು. ಬಾಗಿಲು ತೆರೆದ ಮೇಲೆ 8 ಸೆಕೆಂಡು ಕುದುರೆಯ ಬೆನ್ನ ಮೇಲೆ ಉಳಿಯಬೇಕು. ಒಂದು ಕೈ ಮಾತ್ರ ಹಗ್ಗ ಹಿಡಿದಿರಬೇಕು, ಇನ್ನೊಂದು ಕೈ ಕುದುರೆಗಾಗಲಿ ತನ್ನ ಮೈಗಾಗಲಿ ತಗುಲಿದರೆ ಅಂಕವಿಲ್ಲ. ಕುದುರೆಯ ಮೊದಲ ನೆಗೆತದಲ್ಲಿ ಸವಾರನ ಹಿಮ್ಮಡಿಗಳು ಅದರ ಭುಜಕ್ಕಿಂತ ಮೇಲೆ ಇರಬೇಕು. ಸಾಮಾನ್ಯವಾಗಿ ಇಬ್ಬರು ತೀರ್ಪುಗಾರರು. ಪ್ರತಿಯೊಬ್ಬರೂ ಸವಾರನಿಗೆ 25ರವರೆಗೆ, ಕುದುರೆಗೆ 25ರವರೆಗೆ ಅಂಕ ಕೊಡುತ್ತಾರೆ. ಒಟ್ಟು ನೂರರಲ್ಲಿ ಐವತ್ತು ಕುದುರೆಯದೇ. ಅದು ಸೋಮಾರಿಯಾಗಿ ನೆಗೆದರೆ ಸವಾರನ ಅಂಕವೂ ಸೊರಗುತ್ತದೆ, ಆದ್ದರಿಂದ ತೀರ್ಪುಗಾರರು ಬೇರೆ ಕುದುರೆ ಕೊಡುವುದುಂಟು. ತನ್ನನ್ನು ನೆಲಕ್ಕೆ ಎಸೆಯಲೆಂದೇ ಹೆಣಗುವ ಪ್ರಾಣಿ ಚೆನ್ನಾಗಿ ಹೆಣಗಲಿ ಎಂದು ಹಾರೈಸಬೇಕಾದ ಈ ವಿಚಿತ್ರ ಪಾಲುದಾರಿಕೆಯನ್ನು ಕೇಳಿದ ಮೇಲೆ, ಹಿಂದಿನ ದಿನದ ಪದ್ಯಗಳಲ್ಲಿ ಕುದುರೆಗೆ ಹೆಸರಿದ್ದು ಸವಾರ ಬರಿಯ ‘ನಾನು’ ಆಗಿ ಉಳಿದದ್ದೇಕೆಂಬುದು ನನಗೆ ತಿಳಿಯಿತು.

ಕುದುರೆ ಜೋರಾಗಿ ನೆಗೆಯಲೆಂದು ಅದರ ಪಕ್ಕೆಯ ಹಿಂದೆ ಬಿಗಿಯುವ ಪಟ್ಟಿಯ ಬಗ್ಗೆ ನಾನು ಕೇಳದೆ ಇರಲಾಗಲಿಲ್ಲ. ಅದು ವೃಷಣಕ್ಕೆ ಕಟ್ಟುವುದೆಂಬ ಜನಪ್ರಿಯ ನಂಬಿಕೆ ತಪ್ಪು. ಅದು ಬೀಳುವುದು ಕಿಬ್ಬೊಟ್ಟೆಯ ಮೇಲೆ. ಅಷ್ಟನ್ನು ಒಪ್ಪಿದೆ. ಓಡುವ ಕರುವಿನ ಕೊರಳಿಗೆ ಹಗ್ಗ ಬಿದ್ದು ಅದು ಜಗ್ಗಿ ಬೀಳುವ ಸ್ಪರ್ಧೆಯನ್ನು ಮಾತ್ರ ನಾನು ಒಪ್ಪಲಾರೆ ಎಂದೆ. ಅವರು ವಾದಿಸಲಿಲ್ಲ, ಒಪ್ಪಲೂ ಇಲ್ಲ.

ರೋಡಿಯೋದಲ್ಲಿ ಸಂಬಳವಿಲ್ಲ. ಪ್ರವೇಶ ಶುಲ್ಕ, ಪೆಟ್ರೋಲು, ಮುರಿದ ಮೂಳೆಯ ಖರ್ಚು ಎಲ್ಲವೂ ಸವಾರನದೇ. ಗೆದ್ದರೆ ಹಣ, ಇಲ್ಲದಿದ್ದರೆ ಮುಂದಿನ ಊರು. 1936ರಲ್ಲಿ ಬಾಸ್ಟನ್ ಗಾರ್ಡನ್ ರೋಡಿಯೋದಲ್ಲಿ ಬಹುಮಾನದ ಮೊತ್ತ ಸಾಲದೆಂದು ಸವಾರರು ಮುಷ್ಕರ ಹೂಡಿ ಕಟ್ಟಿದ ಸಂಘಕ್ಕೆ ಆಮೆಯ ಹೆಸರಿಟ್ಟರಂತೆ: ನಿಧಾನಕ್ಕೆ ಎದ್ದರೂ ಕೊನೆಗೊಮ್ಮೆ ಕತ್ತು ಹೊರಗೆ ಚಾಚಿದೆವು ಎಂದು. ಅದೇ ವರ್ಷ ಸತ್ತ ಮಿಡ್‌ನೈಟ್ ಎಂಬ ಕಪ್ಪು ಕುದುರೆಯ ವಿಷಯವನ್ನೂ ಅವರೇ ಹೇಳಿದರು. ಸವಾರರನ್ನು ಉರುಳಿಸುವುದರಲ್ಲಿ ಹೆಸರಾಗಿದ್ದ ಅದರ ಸಮಾಧಿ ಈಗ ಒಕ್ಲಹೋಮಾ ಸಿಟಿಯ ಕೌಬಾಯ್ ಸಂಗ್ರಹಾಲಯದ ಆವರಣದಲ್ಲಿದೆ, ಕಲ್ಲಿನ ಮೇಲೆ ಅದರ ಪರವಾಗಿ ಸ್ವರ್ಗ ಬೇಡುವ ನಾಲ್ಕು ಸಾಲಿನ ಪದ್ಯವಿದೆ. ಆ ನಾಲ್ಕು ಸಾಲನ್ನು ಅವರು ಟೋಪಿ ತೆಗೆದು, ಖಾಲಿ ಅಖಾಡದ ಕಡೆ ಮುಖ ಮಾಡಿ ಹೇಳಿದರು.

ಹೊರಡುವಾಗ, ಜೀವಮಾನದಲ್ಲಿ ತಮಗೆ ಬಂದ ಅತಿ ಹೆಚ್ಚಿನ ಅಂಕ ಎಷ್ಟು ಎಂದು ಮಗ ಕೇಳಿದ. ಅವರು ಬಹಳ ಹೊತ್ತು ಯೋಚಿಸಿದರು.

“ನನ್ನ ಪಾಲು ನೆನಪಿಲ್ಲ ಮಗೂ. ಕುದುರೆಗೆ ಒಬ್ಬರು ಇಪ್ಪತ್ಮೂರು, ಇನ್ನೊಬ್ಬರು ಇಪ್ಪತ್ನಾಲ್ಕು ಕೊಟ್ಟಿದ್ದರು.”

ಆ ಇನ್ನೊಬ್ಬರಂತೆಯೇ ಮೊದಲನೆಯವರೂ ಇಪ್ಪತ್ನಾಲ್ಕು ಕೊಡಬೇಕಿತ್ತು ಎಂದು ಅವರು ಟ್ರಕ್ಕು ಹತ್ತುವವರೆಗೂ ಗೊಣಗುತ್ತಿದ್ದರು.