ರಕ್ತ ಏರಿಸಿದ ಮೇಲೆ ಎದೆಬಡಿತ: ಕರಿಯನ ಲೆಕ್ಕ ಎಲ್ಲಿಗೆ ಬಂತು

ರಕ್ತ ಏರಿಸಿಕೊಂಡು ಬಂದ ನಾಯಿ, ಬೆಕ್ಕುಗಳ ಎದೆಬಡಿತ ಬರೆದಿಡುವ ನನ್ನ ಪುಸ್ತಕಕ್ಕೆ ಈ ಸಲ ಪಕ್ಕದ ಮನೆಯ ಕರಿಯ ಸೇರಿದ್ದಾನೆ. ತೀರ್ಥಹಳ್ಳಿ ಕಡೆ ತೋಟ ಸುತ್ತುವ ನಾಯಿಗಳಿಗೆ ಉಣುಗಿನ ಕಾಟ ಗೊತ್ತಲ್ವಾ, ಇವನಿಗೂ ಉಣುಗಿನ ಜ್ವರವೇ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ನೂರಕ್ಕೆ 13ಕ್ಕೆ ಇಳಿದಿತ್ತು. ಚೆನ್ನಾಗಿರುವ ನಾಯಿಗೆ ಸುಮಾರು 37ರಿಂದ 55 ಇರುತ್ತದೆ.

ಒಸಡು ಬೆಳ್ಳಗೆ. ಆದರೆ ತೊಡೆಯ ಒಳಗಡೆ ಬೆರಳಿಟ್ಟರೆ ನಾಡಿ ಬೆರಳನ್ನೇ ಎತ್ತುವಷ್ಟು ಜೋರು, ನಿಮಿಷಕ್ಕೆ 170ರ ಹತ್ತಿರ. 'ಇಷ್ಟು ಗಟ್ಟಿ ಹೊಡೀತಿದೆ, ಶಕ್ತಿ ಇದೆ' ಅಂದರು ಅವನ ಮನೆಯ ಅಕ್ಕ. ಅದು ಶಕ್ತಿಯಲ್ಲ, ಪರದಾಟ. ಆಮ್ಲಜನಕ ಹೊರುವ ಕಣ ಕಡಿಮೆಯಾದಾಗ ಹೃದಯ ಬೇಗ ಬೇಗ ಹೊಡೆದು, ಒಂದೊಂದು ಹೊಡೆತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ರಕ್ತ ತೆಳ್ಳಗಾಗಿ ರಭಸದಿಂದ ಹರಿಯುವಾಗ ಸದ್ದೂ ಬರುತ್ತದೆ. ಡಾಕ್ಟರು ಕರಿಯನ ಎದೆಯಲ್ಲಿ ಕೇಳಿದ ಮರ್ಮರ್ ಇದೇ. ವಾರಗಟ್ಟಲೆ ಹೀಗೇ ನಡೆದರೆ ಹೃದಯದ ಕೋಣೆಗಳು ಹಿಗ್ಗುತ್ತವೆ.

ಅದಕ್ಕೇ ರಕ್ತವನ್ನು ನಿಧಾನ ಬಿಡುವುದು. ಮೊದಲ ಅರ್ಧ ಗಂಟೆ ತೀರಾ ನಿಧಾನ, ರಿಯಾಕ್ಷನ್ ಆಗುತ್ತದಾ ಅಂತ ನೋಡುತ್ತಾರೆ. ಆಮೇಲೆ ಸ್ವಲ್ಪ ಬೇಗ, ಒಟ್ಟು ನಾಲ್ಕು ಗಂಟೆಯೊಳಗೆ ಮುಗಿಯಬೇಕು. ದಣಿದ ಹೃದಯಕ್ಕೆ ಒಮ್ಮೆಲೇ ತುಂಬಿಸಿದರೆ ಶ್ವಾಸಕೋಶಕ್ಕೆ ನೀರು ಇಳಿಯಬಹುದು. ಬಹಳ ದಿನದಿಂದ ರಕ್ತ ಕಡಿಮೆಯಿರುವ ಬೆಕ್ಕುಗಳಿಗಂತೂ ಈ ಭಯ ಜಾಸ್ತಿ. ಬೆಕ್ಕಿಗೆ ಗುಂಪು ನೋಡದೆ ರಕ್ತ ಕೊಡಲೇಬಾರದು: ಬಿ ಗುಂಪಿನದಕ್ಕೆ ಎ ರಕ್ತ ಹೋದರೆ ಮೊದಲ ಸಲವೇ ಜೀವಕ್ಕೆ ಕುತ್ತು.

ಈಗಿನ ಸ್ಥಿತಿ: ರಕ್ತ ಏರಿಸಿದ ರಾತ್ರಿ ಬಡಿತ 130ಕ್ಕೆ ಇಳಿಯಿತು, ಈ ವಾರ ಮಲಗಿದ್ದಾಗ 90ರ ಆಸುಪಾಸು. ನಿದ್ದೆಯಲ್ಲಿ ಹೊಟ್ಟೆ ಏರಿಳಿಯುವುದನ್ನೂ ಎಣಿಸುತ್ತೇನೆ. ನಿಮಿಷಕ್ಕೆ 30 ದಾಟಿ ಹಾಗೇ ನಿಂತರೆ ಫೋನ್ ಮಾಡಿ ಅಂದಿದ್ದಾರೆ ಡಾಕ್ಟರು, ಇನ್ನೂ ದಾಟಿಲ್ಲ. ಮರ್ಮರ್ ಸಣ್ಣಗಾಗಿದೆ, ಪೂರ್ತಿ ಹೋಗಿಲ್ಲ. ಪಿಸಿವಿ ಏರಿದ ಮೇಲೂ ಉಳಿದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು. ಏರಿಸಿದ ರಕ್ತ ಮದ್ದು ಹಿಡಿಯುವ ತನಕ ತಡೆದುಕೊಳ್ಳಲಿಕ್ಕೆ ಮಾತ್ರ, ಉಣುಗಿನ ಜ್ವರದ ಮಾತ್ರೆ ಬಿಡುವ ಹಾಗಿಲ್ಲ. ಅದನ್ನು ಅಕ್ಕನಿಗೆ ಸಿಕ್ಕಾಗಲೆಲ್ಲ ಹೇಳುತ್ತಿದ್ದೇನೆ.

ಮುಂದಿನ ಕೆಲಸ ರಕ್ತ ಕೊಡುವ ನಾಯಿಗಳ ಪಟ್ಟಿ. 25 ಕಿಲೋ ದಾಟಿರಬೇಕು, ವಯಸ್ಸು 1ರಿಂದ 8, ಲಸಿಕೆ ಆಗಿರಬೇಕು, ಉಣುಗಿನ ಜ್ವರದ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಇಲ್ಲಿಂದ ಶಿವಮೊಗ್ಗಕ್ಕೆ ಓಡುವಾಗ ಜೊತೆಗೇ ಕರೆದೊಯ್ಯುವಂಥ ನಾಯಿಗಳು ಮೊದಲು. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಹೇಳಿ.