ಗಂಟಿಗೂ ಓಟಕ್ಕೂ ಏನ ಸಂಬಂಧರೀ?

"ಸರ್, ಗಂಟಿಗೂ ಓಡೂದಕ್ಕೂ ಏನ ಸಂಬಂಧರೀ?"

ಮೊನ್ನೆ ಧಾರವಾಡದ ಸಪ್ತಾಪುರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಹಾವೇರಿ ಕಡೆಯ ಹುಡುಗಿಯೊಬ್ಬಳು ಕೇಳಿದ ಈ ಪ್ರಶ್ನೆ ಕಿವಿ ಬಿಟ್ಟು ಹೋಗುತ್ತಿಲ್ಲ. ಬೋರ್ಡಿನ ಮೇಲೆ ‘ಅಟ್ ಎ ರೇಟ್ ಆಫ್ ನಾಟ್ಸ್’ ಎಂಬ ಇಂಗ್ಲಿಷ್ ನುಡಿಗಟ್ಟು ಇತ್ತು, ಮುಂದೆ ‘ಬಹಳ ಜೋರಾಗಿ’ ಎಂಬ ಅರ್ಥ. ನಾಟ್ ಎಂದರೆ ಗಂಟು. "ಅರ್ಥ ಬರ್ಕೋ, ಸಾಕು" ಎಂದರು ಮೇಷ್ಟ್ರು. ಸಾಕಾಗುವುದಿಲ್ಲ. ಅಂಥ ಪ್ರಶ್ನೆಯ ಬಾಯಿ ಮುಚ್ಚಿಸಬಾರದಿತ್ತು.

ಸಂಬಂಧ ಇದೆ, ಹಗ್ಗಕ್ಕೆ ಹಾಕಿದ ಗಂಟಿನದೇ. ಹಡಗಿನ ವೇಗ ಅಳೆಯಲು ಹಿಂದೆ ಹಾಯಿಹಡಗಿನ ಹಿಂಬದಿಯಿಂದ, ಹಗ್ಗ ಕಟ್ಟಿದ ಕಾಲುವೃತ್ತದಂಥ ಮರದ ಹಲಗೆಯನ್ನು ನೀರಿಗೆ ಬಿಡುತ್ತಿದ್ದರು. ದುಂಡನೆಯ ಅಂಚಿಗೆ ಸೀಸದ ಭಾರ ಇದ್ದುದರಿಂದ ಅದು ನೆಟ್ಟಗೆ ನಿಂತು, ನೀರನ್ನು ಕಚ್ಚಿ ಹಿಡಿದು ಅಲ್ಲೇ ಉಳಿಯುತ್ತಿತ್ತು. ಹಡಗು ಸಾಗಿದಂತೆ ರೀಲಿನ ಹಗ್ಗ ಬಿಚ್ಚುತ್ತಿತ್ತು. ಮೊದಲೊಂದಿಷ್ಟು ಹಗ್ಗ ಲೆಕ್ಕಕ್ಕಿಲ್ಲ. ಹಲಗೆ ಹಡಗಿನ ಹಿಂದಿನ ಸುಳಿ ದಾಟಬೇಕಲ್ಲ. ಹಗ್ಗಕ್ಕೆ ಕಟ್ಟಿದ ಗುರುತಿನ ಬಟ್ಟೆ ಕೈ ದಾಟಿದ್ದೇ ತಡ, 28 ಸೆಕೆಂಡಿನ ಮರಳು ಗಡಿಯಾರ ತಿರುವುತ್ತಿದ್ದರು. ಗಂಟಿನಿಂದ ಗಂಟಿಗೆ 47 ಅಡಿ 3 ಇಂಚು. ಮರಳು ಇಳಿಯುವಷ್ಟರಲ್ಲಿ ಐದು ಗಂಟು ಬೆರಳಿನಿಂದ ಜಾರಿದರೆ ವೇಗ 5 ನಾಟ್. 28 ಸೆಕೆಂಡು ಒಂದು ತಾಸಿನ ಎಷ್ಟನೇ ಪಾಲೋ, 47 ಅಡಿ 3 ಇಂಚು ನಾಟಿಕಲ್ ಮೈಲಿಯ (ಕಡಲ ದೂರದ ಅಳತೆ) ಹೆಚ್ಚುಕಡಿಮೆ ಅಷ್ಟನೇ ಪಾಲು. ಎಂಥ ಅಚ್ಚುಕಟ್ಟು! ಗಾಜಿನೊಳಗೆ ತೇವ ಸೇರಿ ಮರಳು ತಡೆತಡೆದು ಬಿದ್ದರೆ ಮಾತ್ರ ಹೆಚ್ಚು ಗಂಟು ಜಾರಿ, ಇಲ್ಲದ ವೇಗ ತೋರುತ್ತಿತ್ತು.

ಒಂದು ನಾಟ್ ಎಂದರೆ ತಾಸಿಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ‘ತಾಸಿಗೆ’ ಎಂಬುದು ಅದರೊಳಗೇ ಇದೆ. ವೇಗ ಹೇಳುವಾಗ ‘ನಾಟ್ಸ್ ಪರ್ ಅವರ್’ ಎಂದು ಬರೆದರೆ ತಪ್ಪು. ಹತ್ತು ನಾಟ್ ನಮ್ಮ ಸೈಕಲ್ಲಿನ ವೇಗ, ಆದರೆ ಹಾಯಿಹಡಗಿಗೆ ಅದು ದೌಡೇ.

ನುಡಿಗಟ್ಟಿನಲ್ಲಿ ಅಂಕಿ ಬರುವುದಿಲ್ಲ. ಬ್ರಿಟನ್, ಆಸ್ಟ್ರೇಲಿಯಾದವರ ಆಡುಮಾತು ಇದು. ಅರ್ಜಿ, ವರದಿಗಳಿಗೆ ಒಗ್ಗದು. ಓಟಕ್ಕಷ್ಟೇ ಅಲ್ಲ, ಮಾತು, ಕೆಲಸ, ಖರ್ಚಿಗೂ ಬಳಸುತ್ತಾರೆ. ಕನ್ನಡಕ್ಕೆ ತರುವಾಗ ಗಂಟನ್ನು ಅಲ್ಲೇ ಬಿಡಬೇಕು: ಗಾಡಿಯಾದರೆ ‘ಭರ್ರಂತ ಹೋತು’, ಮಾತಾದರೆ ‘ಪಟಪಟ’, ರೊಕ್ಕವಾದರೆ ‘ನೀರಿನಂಗ’, ಓಡುವವನಾದರೆ ‘ಚಿಗರಿ ಹಂಗ’.

ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ (ತ್ವರಿತ ಸಾರಿಗೆ) ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟವರಿಗೆ ಭಾಷೆಯ ರುಚಿ ಗೊತ್ತಿತ್ತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಆಸುಪಾಸಿನ ಹೊಲಗಳಲ್ಲಿ ಚಿಗರಿ ಜಿಗಿಯುವುದನ್ನು ಕಂಡವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಹಡಗು ಕಾಣದ ಹುಡುಗಿಗೆ ಗಂಟನ್ನು ಬಿಡಿಸಿ ಹೇಳಬೇಕಿತ್ತು. ಎರಡು ಮಾರು ಹಗ್ಗ, ನಾಲ್ಕು ಗಂಟು, ಐದು ನಿಮಿಷ ಸಾಕಿತ್ತು.